ಹಲಕರ್ಣಿಗೆ ಯಾವ ಬಣ್ಣ? ಗಡಿಭಾಗದ ಭಾಷಾನಕ್ಷೆಗಳು ಮತ್ತು ದತ್ತಾಂಶ ಜೋಡಣೆಯ ಪ್ರಶ್ನೆ

ಗಡಿಭಾಗದ ಭಾಷಾಸ್ಥಿತಿಯನ್ನು ಕುರಿತ ಸಂಶೋಧನ ಬರವಣಿಗೆಯಲ್ಲಿ ಬಣ್ಣದ ನಕ್ಷೆ ಈಚೆಗೆ ಸಾಮಾನ್ಯ ಪುರಾವೆಯಾಗಿದೆ. ಹಿಂದೆ ಅನುಬಂಧದ ಕೋಷ್ಟಕಗಳಲ್ಲಿ ಉಳಿದುಬಿಡುತ್ತಿದ್ದ ಜನಗಣತಿಯ ಅಂಕಿಗಳು ಈಗ ಟ್ಯಾಬ್ಲೋ, ಪವರ್ ಬಿಐ, ಕ್ಯೂಜಿಐಎಸ್ ಮೊದಲಾದ ತಂತ್ರಾಂಶಗಳ ನೆರವಿನಿಂದ ಪ್ರಬಂಧದ ನಡುವೆಯೇ ಚಿತ್ರಗಳಾಗಿ ಬರುತ್ತವೆ. ಇದು ಸ್ವಾಗತಾರ್ಹವೇ. ಆದರೆ ಇಂತಹ ಚಿತ್ರಗಳನ್ನು ಪರಿಶೀಲಿಸಿ ಓದುವ ಶಿಸ್ತು ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಶಾಸನವೊಂದರ ಪಾಠವನ್ನು ಒಪ್ಪುವ ಮುನ್ನ ಅದರ ಪಡಿಯಚ್ಚು, ಲಿಪಿ, ಕಾಲ, ತ್ರುಟಿತ ಭಾಗಗಳನ್ನು ವಿಚಾರಿಸುವ ನಾವು ನಕ್ಷೆಯ ಮುಂದೆ ಅಂತಹ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ.

ಪ್ರಸ್ತುತ ಲೇಖನವು ಈ ನಕ್ಷೆಗಳ ತಯಾರಿಕೆಯಲ್ಲಿನ ಒಂದು ಕ್ರಿಯೆಯನ್ನು ಮಾತ್ರ ವಿಮರ್ಶೆಗೆ ಎತ್ತಿಕೊಳ್ಳುತ್ತದೆ. ಚಿತ್ರಿಸುವ ತಂತ್ರಾಂಶವನ್ನು ಹೊರಗಿನ ದತ್ತಾಂಶ ಮೂಲವೊಂದಕ್ಕೆ ಜೋಡಿಸುವುದೇ ಆ ಕ್ರಿಯೆ. ಇದನ್ನು ಕೇವಲ ತಾಂತ್ರಿಕ ಪೂರ್ವಸಿದ್ಧತೆಯೆಂದು ಭಾವಿಸಿ, ವಿಶ್ಲೇಷಣೆ ಅನಂತರ ಆರಂಭವಾಗುತ್ತದೆಯೆಂದು ತಿಳಿಯುವುದು ವಾಡಿಕೆ. ವಾಸ್ತವದಲ್ಲಿ ಅತಿ ಮುಖ್ಯವಾದ ವಿಶ್ಲೇಷಣ ನಿರ್ಧಾರ ಜೋಡಣೆಯ ಹಂತದಲ್ಲಿಯೇ ಆಗಿಹೋಗಿರುತ್ತದೆ. ಯಾವ ಊರು ನಕ್ಷೆಯಲ್ಲಿ ತನ್ನದೇ ಅಸ್ತಿತ್ವ ಪಡೆಯುತ್ತದೆ, ಯಾವ ಊರು ನೆರೆಯ ಊರುಗಳ ಸರಾಸರಿಯಲ್ಲಿ ಕರಗುತ್ತದೆ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಇದಕ್ಕೆ ನಿದರ್ಶನವಾಗಿ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನ ಹಲಕರ್ಣಿಯನ್ನು ತೆಗೆದುಕೊಳ್ಳಲಾಗಿದೆ. ಈ ತಾಲೂಕಿನ ಪೂರ್ವಭಾಗ ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿರುವ ಪ್ರದೇಶ. ಹೆಬ್ಬಾಳ, ನೂಲ, ಹಲಕರ್ಣಿಗಳಂತಹ ಊರುಗಳು ಇಲ್ಲಿವೆ. ಗಡಿಯಾಚೆ ಹುಕ್ಕೇರಿ ತಾಲೂಕು, ಸಂಕೇಶ್ವರ.

ಜೋಡಣೆಯ ಕೀಲಿ

ಭಾಷಾನಕ್ಷೆಯೊಂದಕ್ಕೆ ಕನಿಷ್ಠ ಎರಡು ಕಡತಗಳು ಬೇಕು. ಒಂದರಲ್ಲಿ ಪ್ರದೇಶಗಳ ಗಡಿರೇಖೆಗಳಿರುತ್ತವೆ. ಇನ್ನೊಂದರಲ್ಲಿ ಆ ಪ್ರದೇಶಗಳ ಭಾಷಿಕರ ಸಂಖ್ಯೆ. ಎರಡನೆಯದು ಹೊರಗಿನ ಮೂಲ: ಎಕ್ಸೆಲ್ ಕಡತ, ದತ್ತಸಂಚಯ ಅಥವಾ ಸರಕಾರಿ ಜಾಲತಾಣ. ಇವೆರಡರಲ್ಲಿಯೂ ಸಮಾನವಾಗಿರುವ ಒಂದು ಅಂಕಣವನ್ನು ತಂತ್ರಾಂಶ ಕೇಳುತ್ತದೆ. ಆ ಅಂಕಣವೇ ಕೀಲಿ. ಎರಡೂ ಕಡೆ ಕೀಲಿಯ ಮೌಲ್ಯ ಒಂದೇ ಆಗಿದ್ದರೆ ಸಾಲುಗಳು ಕೂಡುತ್ತವೆ, ಇಲ್ಲದಿದ್ದರೆ ಬಿಟ್ಟುಹೋಗುತ್ತವೆ.

ಊರಿನ ಹೆಸರನ್ನೇ ಕೀಲಿಯಾಗಿ ಬಳಸುವುದು ಸುಲಭವೆಂದು ತೋರುತ್ತದೆ. ಆದರೆ ಕೊಲ್ಹಾಪುರ ಜಿಲ್ಲೆಯೊಳಗೇ ಎರಡು ಹಲಕರ್ಣಿಗಳಿವೆ: ಒಂದು ಗಡಹಿಂಗ್ಲಜ ತಾಲೂಕಿನಲ್ಲಿ, ಇನ್ನೊಂದು ಚಂದಗಡ ತಾಲೂಕಿನಲ್ಲಿ. ಗಡಿ ದಾಟಿದರೆ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಮತ್ತೊಂದು. ಜಿಲ್ಲೆ ಮತ್ತು ಊರಿನ ಹೆಸರುಗಳನ್ನಷ್ಟೇ ಕೊಟ್ಟರೆ ಒಂದರ ಅಂಕಿ ಇನ್ನೊಂದರ ಮೇಲೆ ಕೂರುತ್ತದೆ, ಇಲ್ಲವೇ ಎರಡೂ ಎರಡರ ಮೇಲೂ ಕೂರುತ್ತವೆ. ಲಿಪಿಯ ಪ್ರಶ್ನೆಯೂ ಇದೆ. ಕನ್ನಡದಲ್ಲಿ ಬರೆದ ಹಲಕರ್ಣಿ, ದೇವನಾಗರಿಯ ಹಲಕರ್ಣಿ, ರೋಮನ್ನಿನ ಹಲಕರ್ಣಿ ನಮಗೆ ಒಂದೇ ಊರು. ಯಂತ್ರಕ್ಕೆ ಪರಸ್ಪರ ಸಂಬಂಧವಿಲ್ಲದ ಮೂರು ಅಕ್ಷರಮಾಲೆಗಳು. ಕನ್ನಡದ ‘ಜತ್ತ’ ರೋಮನ್ನಿನಲ್ಲಿ ಒಂದು ಕಡೆ ‘ಜತ್’ ಎಂದೂ ಇನ್ನೊಂದು ಕಡೆ ಮಹಾಪ್ರಾಣ ಸೇರಿ ‘ಜಥ್’ ಎಂದೂ ಬರುತ್ತದೆ. ಅಂದಾಜು ಹೊಂದಾಣಿಕೆಯ ಸೌಲಭ್ಯವನ್ನು ಬಳಸಿದರೆ ತಂತ್ರಾಂಶ ಇವನ್ನು ತಾನೇ ಸರಿಪಡಿಸಿ ಕೂಡಿಸುತ್ತದೆ, ಕೆಲವೊಮ್ಮೆ ಕೂಡಬಾರದುದನ್ನೂ.

ಗ್ರಂಥಸಂಪಾದನ ಶಾಸ್ತ್ರದ ಪರಿಚಯವುಳ್ಳವರಿಗೆ ಇದು ಹೊಸ ಸಂಗತಿಯೇನಲ್ಲ. ಲಿಪಿಕಾರನ ದೋಷಗಳಲ್ಲಿ ಅರಿಯದೆ ಆದವು, ಅರಿತೇ ತಿದ್ದಿದವು ಎಂದು ಎರಡು ಬಗೆ. ಎರಡನೆಯವೇ ಹೆಚ್ಚು ಅಪಾಯಕಾರಿ. ಏಕೆಂದರೆ ತಿದ್ದಿದ ಪಾಠ ಸುಸಂಬದ್ಧವಾಗಿ ಕಾಣುತ್ತದೆ. ದತ್ತಾಂಶ ಜೋಡಣೆಯೂ ಒಂದು ಪ್ರತಿ ಮಾಡುವ ಕೆಲಸ. ಅದು ತಪ್ಪಿದಾಗ ನಕ್ಷೆಯಲ್ಲಿ ಕಲೆ ಉಳಿಯುವುದಿಲ್ಲ. ಸ್ವಚ್ಛವಾದ ಬೇರೊಂದು ನಕ್ಷೆ ಸಿದ್ಧವಾಗುತ್ತದೆ.

ಹೆಸರಿಗಿಂತ ಸಂಕೇತಾಂಕ ಮೇಲು ಎಂಬುದು ನಿಜ. ಆದರೆ ಅಲ್ಲಿಯೂ ಪಾಠಾಂತರಗಳಿವೆ. 2001ರ ಜನಗಣತಿಯಲ್ಲಿ ಕೊಲ್ಹಾಪುರ ಜಿಲ್ಲೆಯ ಸಂಕೇತಾಂಕ 34, 2011ರಲ್ಲಿ 530. ಶಾಲಾ ಮಾಹಿತಿಯ ಯುಡೈಸ್ ವ್ಯವಸ್ಥೆಯಲ್ಲಿ ಶಾಲೆಗೆ ಹನ್ನೊಂದು ಅಂಕೆಗಳ ಸಂಖ್ಯೆಯಿದೆ. ಅದರ ಮೊದಲ ನಾಲ್ಕು ಅಂಕೆಗಳು ರಾಜ್ಯ ಮತ್ತು ಜಿಲ್ಲೆಯನ್ನು ಸೂಚಿಸುತ್ತವೆ. ಕೊಲ್ಹಾಪುರಕ್ಕೆ ಅದು 2734. ಅಂದರೆ ಕನ್ನಡ ಮಾಧ್ಯಮ ಶಾಲೆಗಳ ಪಟ್ಟಿಯನ್ನು 2011ರ ಭಾಷಾಕೋಷ್ಟಕಕ್ಕೆ ನೇರವಾಗಿ ಜೋಡಿಸಲು ಹೊರಟರೆ 34 ಮತ್ತು 530 ಒಂದನ್ನೊಂದು ಗುರುತಿಸುವುದೇ ಇಲ್ಲ. ಇನ್ನೊಂದು ಸಣ್ಣ ತೊಡಕು: 2011ರ ಜನಗಣತಿಯಲ್ಲಿ ಉಪಜಿಲ್ಲೆಯ, ಅಂದರೆ ತಾಲೂಕಿನ, ಸಂಕೇತಾಂಕ ಐದು ಅಂಕೆಗಳದು ಮತ್ತು ಸೊನ್ನೆಯಿಂದ ಆರಂಭವಾಗುವಂಥದು. ಅದನ್ನು ಸಂಖ್ಯೆಯೆಂದು ಓದುವ ಕಡತದಲ್ಲಿ ಮುಂದಿನ ಸೊನ್ನೆ ಬಿದ್ದುಹೋಗುತ್ತದೆ. ಪಠ್ಯವೆಂದು ಓದುವ ಕಡತದಲ್ಲಿ ಉಳಿಯುತ್ತದೆ. ಒಂದು ಸೊನ್ನೆಯ ಲೋಪದಿಂದ ಇಡೀ ರಾಜ್ಯದ ತಾಲೂಕುಗಳು ನಕ್ಷೆಯಿಂದ ಮಾಯವಾಗಬಲ್ಲವು.

ಇಂತಹ ತೊಡಕುಗಳನ್ನು ಎಚ್ಚರದಿಂದ ನಿವಾರಿಸಬಹುದು. ಮುಂದೆ ಹೇಳುವುದು ಎಚ್ಚರದಿಂದ ನಿವಾರಣೆಯಾಗದ ಸಮಸ್ಯೆ.

ತಾಲೂಕಿನಲ್ಲಿ ನಿಲ್ಲುವ ಭಾಷೆ

ಜನಗಣತಿಯ ಮಾತೃಭಾಷಾ ಅಂಕಿಗಳು ಸಿ-16 ಎಂಬ ಕೋಷ್ಟಕಮಾಲೆಯಲ್ಲಿವೆ. 2011ರ ಎಣಿಕೆಯ ಭಾಷಾಕೋಷ್ಟಕಗಳು 2018ರಲ್ಲಿ ಹೊರಬಂದವು. ರಾಜ್ಯ, ಜಿಲ್ಲೆ, ತಾಲೂಕು ಎಂಬ ಕ್ರಮದಲ್ಲಿ ಅವು ಇಳಿಯುತ್ತವೆ. ಪಟ್ಟಣಗಳಿಗೂ ಪ್ರತ್ಯೇಕ ಸಾಲುಗಳಿವೆ. ಹಳ್ಳಿಗಳಿಗಿಲ್ಲ. ಹಳ್ಳಿಯ ಮಟ್ಟದ ಅಂಕಿಗಳು ಪ್ರಾಥಮಿಕ ಜನಗಣತಿ ಸಾರದಲ್ಲಿ ದೊರೆಯುತ್ತವೆ: ಒಟ್ಟು ಜನಸಂಖ್ಯೆ, ಸಾಕ್ಷರತೆ, ಪರಿಶಿಷ್ಟ ಜಾತಿ ಪಂಗಡಗಳು, ದುಡಿಯುವವರ ವರ್ಗೀಕರಣ. ಅಲ್ಲಿ ಭಾಷೆಯ ಅಂಕಣವಿಲ್ಲ. ಹೀಗಾಗಿ ಇಚಲಕರಂಜಿಗೆ ಮತ್ತು ಗಡಹಿಂಗ್ಲಜ ಪಟ್ಟಣಕ್ಕೆ ಭಾಷೆಯ ದಾಖಲೆ ಉಂಟು. ಹಲಕರ್ಣಿಗೆ ಜನ ಉಂಟು, ಮನೆ ಉಂಟು, ಭಾಷೆ ಇಲ್ಲ.

ಎರಡು ಕೋಷ್ಟಕಗಳು ಕೂಡಬಹುದಾದ ಅತಿ ಕೆಳಗಿನ ಹಂತ ತಾಲೂಕು. ಹಳ್ಳಿಗಳ ಗಡಿರೇಖೆಯಿರುವ ನಕ್ಷೆಗೆ ಸಿ-16ನ್ನು ಜೋಡಿಸಿದಾಗ ತಾಲೂಕಿನ ಒಂದು ಸಾಲು ಅದರ ಪ್ರತಿಯೊಂದು ಹಳ್ಳಿಗೂ ಅಂಟಿಕೊಳ್ಳುತ್ತದೆ. ಲೆಕ್ಕಕ್ಕಾಗಿ ನೂರು ಹಳ್ಳಿಗಳ ಒಂದು ತಾಲೂಕನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ 20,000 ಕನ್ನಡ ಭಾಷಿಕರಿದ್ದಾರೆನ್ನೋಣ. ಜೋಡಣೆಯ ಅನಂತರ ನೂರು ಹಳ್ಳಿಗಳಲ್ಲಿಯೂ ತಲಾ 20,000 ಬರುತ್ತದೆ. ಕೂಡಿಸಿದರೆ 20 ಲಕ್ಷ. ಈ ತಪ್ಪು ದೊಡ್ಡದಾದುದರಿಂದ ಕಣ್ಣಿಗೆ ಬೀಳುತ್ತದೆ. ಟ್ಯಾಬ್ಲೋ 2020ರಲ್ಲಿ ತಂದ ‘ರಿಲೇಶನ್‌ಶಿಪ್’ ವ್ಯವಸ್ಥೆಯಂತಹ ಉಪಾಯಗಳು ಈ ದ್ವಿಗಣನೆಯನ್ನು ತಡೆಯಲೆಂದೇ ಬಂದಿವೆ. ಆದರೆ ಸಂಖ್ಯೆಯ ಬದಲು ಶೇಕಡಾವಾರನ್ನು ತೆಗೆದುಕೊಂಡರೆ ತಪ್ಪು ಕಾಣುವುದೇ ಇಲ್ಲ. ಎಲ್ಲ ಹಳ್ಳಿಗಳಿಗೂ ಒಂದೇ ಶೇಕಡಾ, ಒಂದೇ ಬಣ್ಣ. ಕನ್ನಡವೇ ಪ್ರಧಾನವಾದ ಪೂರ್ವದ ಊರೂ ಕನ್ನಡ ಕೇಳಿಸದ ಪಶ್ಚಿಮದ ಊರೂ ಸಮನಾಗುತ್ತವೆ. ಹಳ್ಳಿಗಳ ಗೆರೆಗಳು ನಕ್ಷೆಯ ಮೇಲಿರುವುದರಿಂದ, ಓದುಗ ಅದನ್ನು ಹಳ್ಳಿಗಳ ನಕ್ಷೆಯೆಂದೇ ಓದುತ್ತಾನೆ.

ಪ್ರದೇಶದ ಸರಾಸರಿಯಿಂದ ಅದರೊಳಗಿನ ವ್ಯಕ್ತಿಗಳ ಬಗ್ಗೆ ತೀರ್ಮಾನಿಸುವುದು ತಪ್ಪೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ಡಬ್ಲ್ಯೂ. ಎಸ್. ರಾಬಿನ್ಸನ್ 1950ರಲ್ಲಿಯೇ ಅಲ್ಲಿನ ಜನಗಣತಿಯ ಆಧಾರದಿಂದ ತೋರಿಸಿದ್ದರು. ನಮ್ಮ ಭಾಷಾನಕ್ಷೆಗಳಲ್ಲಿ ಅದೇ ದೋಷ ವಾದದ ರೂಪದಲ್ಲಿ ಬರುವುದಿಲ್ಲ, ಬಣ್ಣದ ರೂಪದಲ್ಲಿ ಬರುತ್ತದೆ. ವಾದವಾಗಿದ್ದರೆ ನಾವು ಖಂಡಿಸುತ್ತಿದ್ದೆವು.

ಇದಕ್ಕೆ ಅಂಟಿಕೊಂಡ ಇನ್ನೊಂದು ಸೂಕ್ಷ್ಮವಿದೆ. ಒಂದು ಪ್ರದೇಶದಲ್ಲಿ ಯಾರೂ ಹೇಳದ ಮಾತೃಭಾಷೆಗೆ ಸಿ-16ರಲ್ಲಿ ಸಾಲೇ ಇರುವುದಿಲ್ಲ. ಪ್ರಕಟವಾಗದ ಹಳ್ಳಿಗೂ ಸಾಲಿಲ್ಲ. ಕೀಲಿ ಹೊಂದದ ತಾಲೂಕಿಗೂ ಸಾಲಿಲ್ಲ. ‘ಕನ್ನಡಿಗರು ಇಲ್ಲ’, ‘ಅಂಕಿ ಪ್ರಕಟವಾಗಿಲ್ಲ’, ‘ಜೋಡಣೆ ತಪ್ಪಿದೆ’ ಎಂಬ ಮೂರು ಬೇರೆ ಬೇರೆ ಸಂಗತಿಗಳು ತಂತ್ರಾಂಶದಲ್ಲಿ ಒಂದೇ ಖಾಲಿ ಮನೆಯಾಗುತ್ತವೆ. ಅದನ್ನು ಸೊನ್ನೆಯೆಂದು ತುಂಬಿದರೆ ಮೂರಕ್ಕೂ ಒಂದೇ ಅರ್ಥ ಬರುತ್ತದೆ. ಅಲ್ಪಸಂಖ್ಯಾತ ಭಾಷೆಯ ಅಧ್ಯಯನದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇರಲಾರದು.

‘ಇಂದು ನವೀಕರಿಸಲಾಗಿದೆ’

ಹೊರಗಿನ ಮೂಲಕ್ಕೆ ಜೋಡಿಸಲು ಎರಡು ಮಾರ್ಗಗಳಿವೆ. ದತ್ತಾಂಶದ ಪ್ರತಿಯೊಂದನ್ನು ತಂತ್ರಾಂಶದೊಳಕ್ಕೆ ತಂದಿಟ್ಟುಕೊಳ್ಳುವುದು ಒಂದು. ಪ್ರತಿ ಬಾರಿ ತೆರೆದಾಗಲೂ ಮೂಲವನ್ನೇ ಕೇಳುವ ನೇರ ಸಂಪರ್ಕ ಇನ್ನೊಂದು. ಟ್ಯಾಬ್ಲೋದಲ್ಲಿ ಇವಕ್ಕೆ ಎಕ್ಸ್‌ಟ್ರಾಕ್ಟ್ ಮತ್ತು ಲೈವ್ ಎಂದೂ ಪವರ್ ಬಿಐನಲ್ಲಿ ಇಂಪೋರ್ಟ್ ಮತ್ತು ಡೈರೆಕ್ಟ್‌ಕ್ವೆರಿ ಎಂದೂ ಹೆಸರು. ಮಾರಾಟದ ಲೆಕ್ಕಕ್ಕೆ, ಜಲಾಶಯದ ಮಟ್ಟಕ್ಕೆ ನೇರ ಸಂಪರ್ಕ ಉಪಯುಕ್ತ. ಮೂಲವೇ ದಿನದಿನಕ್ಕೆ ಬದಲಾಗುತ್ತದೆ. ಜನಗಣತಿಯ ಮೂಲ ಹಾಗೆ ಬದಲಾಗುವುದಿಲ್ಲ. ಆದರೂ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ನವೀಕರಣದ ದಿನಾಂಕ ಮೂಡಬಹುದು. ಅದು ಸಂಪರ್ಕದ ದಿನಾಂಕ, ಎಣಿಕೆಯ ದಿನಾಂಕವಲ್ಲ. ಇಂದು ಬೆಳಿಗ್ಗೆ ನವೀಕರಣಗೊಂಡ ಭಾಷಾನಕ್ಷೆ 2011ರ ಫೆಬ್ರವರಿಯಲ್ಲಿ ಮನೆಬಾಗಿಲಲ್ಲಿ ಬರೆದುಕೊಂಡ ಉತ್ತರಗಳನ್ನೇ ತೋರಿಸುತ್ತಿರುತ್ತದೆ.

ಈ ಅಂತರ ಸಣ್ಣದಲ್ಲ. ಮಹಾರಾಷ್ಟ್ರದಲ್ಲಿ ಕನ್ನಡವನ್ನು ಹೇಳಿಕೊಂಡವರು 2001ರಲ್ಲಿ ಸುಮಾರು ಹನ್ನೆರಡೂವರೆ ಲಕ್ಷ, 2011ರಲ್ಲಿ ಸುಮಾರು ಹತ್ತು ಲಕ್ಷ. ಹತ್ತು ವರ್ಷಗಳಲ್ಲಿ ಇಷ್ಟು ಚಲಿಸಿದ ಅಂಕಿಯನ್ನು ಅನಂತರದ ಹದಿನೈದು ವರ್ಷಗಳ ಕಾಲ ಸ್ಥಿರವೆಂದು ಭಾವಿಸಲು ಆಧಾರವಿಲ್ಲ. ಈ ಇಳಿಕೆಯಲ್ಲಿ ವಲಸೆ ಎಷ್ಟು, ಭಾಷಾಂತರಣ ಎಷ್ಟು, ಉತ್ತರ ಹೇಳುವ ರೀತಿಯ ಬದಲಾವಣೆ ಎಷ್ಟು ಎಂಬುದನ್ನು ಕೋಷ್ಟಕ ಹೇಳಲಾರದು.

ಗಡಿರೇಖೆಗಳೂ ಕಾಲಬದ್ಧ. ಕಾಸರಗೋಡಿನ ಮಂಜೇಶ್ವರ ತಾಲೂಕು, ಬೆಳಗಾವಿಯ ನಿಪ್ಪಾಣಿ ಮತ್ತು ಕಾಗವಾಡ ತಾಲೂಕುಗಳು 2011ರ ಎಣಿಕೆಯ ಅನಂತರ ರೂಪುಗೊಂಡವು. ಇಂದಿನ ತಾಲೂಕುಗಳ ನಕ್ಷೆಗೆ 2011ರ ಕೋಷ್ಟಕವನ್ನು ಜೋಡಿಸಿದರೆ ಕನ್ನಡದ ಅಧ್ಯಯನಕ್ಕೆ ಅತಿ ಮುಖ್ಯವಾದ ಈ ತಾಲೂಕುಗಳೇ ಬರಿದಾಗುತ್ತವೆ. ಅವು ಒಡೆದುಬಂದ ಮೂಲ ತಾಲೂಕುಗಳು ತಮ್ಮದಲ್ಲದ ಜನರನ್ನೂ ಹೊತ್ತು ನಿಲ್ಲುತ್ತವೆ. ನಕ್ಷೆಯ ವರ್ಷವೂ ಕೋಷ್ಟಕದ ವರ್ಷವೂ ಒಂದೇ ಆಗಿರಬೇಕೆಂಬುದು ಪ್ರಾಥಮಿಕ ನಿಯಮ.

ಒಬ್ಬರಿಗೆ ಒಂದು ಭಾಷೆ

ಜೋಡಣೆಯೆಲ್ಲ ಸರಿಯಾಯಿತೆಂದೇ ಇಟ್ಟುಕೊಳ್ಳೋಣ. ಆಗಲೂ ಜೋಡಿಸಿದ ಅಂಕಣದಲ್ಲಿ ಏನಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಜನಗಣತಿಯ ವ್ಯಾಖ್ಯೆಯಂತೆ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡುತ್ತಿದ್ದ ಭಾಷೆ. 2011ರಲ್ಲಿ ಜನರು ಹೇಳಿದ 19,569 ಹೆಸರುಗಳನ್ನು ಪರಿಷ್ಕರಿಸಿ 1,369 ಮಾತೃಭಾಷೆಗಳೆಂದು ವರ್ಗೀಕರಿಸಿ, ಅವುಗಳಿಂದ 121 ಭಾಷೆಗಳನ್ನು ಗುರುತಿಸಲಾಯಿತು. ‘ಕನ್ನಡ’ ಎಂಬ ಗುಂಪಿನೊಳಗೆ ಬಡಗವೂ ಸೇರಿದೆ. ಗುಂಪಿನ ಸಾಲು ಮತ್ತು ಅದರೊಳಗಿನ ಮಾತೃಭಾಷೆಯ ಸಾಲು ಎರಡಕ್ಕೂ ‘ಕನ್ನಡ’ ಎಂದೇ ಹೆಸರಿರುವುದರಿಂದ, ಶೋಧಿಸದೆ ಕೂಡಿಸಿದವರು ಒಬ್ಬನನ್ನೇ ಎರಡು ಸಲ ಎಣಿಸುತ್ತಾರೆ.

ಹೆಚ್ಚಿನ ಸಮಸ್ಯೆ ದ್ವಿಭಾಷಿಕತೆಯದು. ಗಣತಿದಾರರು ಮಾತೃಭಾಷೆಯ ಜೊತೆಗೆ ವ್ಯಕ್ತಿಗೆ ತಿಳಿದಿರುವ ಇನ್ನೆರಡು ಭಾಷೆಗಳನ್ನೂ ಕೇಳುತ್ತಾರೆ. ಆ ಉತ್ತರಗಳು ಸಿ-17 ಕೋಷ್ಟಕದಲ್ಲಿ ರಾಜ್ಯಮಟ್ಟದಲ್ಲಿ ಬರುತ್ತವೆ. ಆದುದರಿಂದ ಗಡಹಿಂಗ್ಲಜದ ನಕ್ಷೆಗೆ ಅವನ್ನು ಜೋಡಿಸಲಾಗುವುದಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ ಎಂಬ ಬದುಕು ನಕ್ಷೆಯಲ್ಲಿ ಒಂದೇ ಬಣ್ಣವನ್ನು ಆರಿಸಿಕೊಳ್ಳಬೇಕಾಗುತ್ತದೆ.

ಪಕ್ಕದ ಸಾಂಗ್ಲಿ ಜಿಲ್ಲೆಯ ಕುಪವಾಡವನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಿಗೆ ಬರಬೇಕು. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳು ಶತಮಾನಗಳ ಸಂಪರ್ಕದಿಂದ ವಾಕ್ಯರಚನೆಯಲ್ಲಿ ಒಂದನ್ನೊಂದು ಎಷ್ಟು ಹೋಲತೊಡಗಿದವೆಂದರೆ ಪದಕ್ಕೆ ಪದವಿಟ್ಟು ಒಂದರಿಂದ ಇನ್ನೊಂದಕ್ಕೆ ಹೋಗಬಹುದು ಎಂಬುದು ಅವರ ವಾದವಾಗಿತ್ತು. ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಅವರು ನಾಲ್ಕು ದಶಕಗಳ ಅನಂತರ ಅದೇ ಊರಿಗೆ ಮರಳಿ ಆ ವಾದವನ್ನು ವಿಮರ್ಶಾತ್ಮಕವಾಗಿ ಪುನಃಪರಿಶೀಲಿಸಿದ್ದಾರೆ. ಎರಡೂ ಅಧ್ಯಯನಗಳಿಗೆ ಘಟಕ ಒಂದು ಊರು. ಭಾಷಾಸಂಪರ್ಕವೆಂಬ ವಿದ್ಯಮಾನ ನಡೆಯುವುದೇ ಊರಿನ ಅಳತೆಯಲ್ಲಿ. ತಾಲೂಕಿನ ಸರಾಸರಿಯಲ್ಲಿ ಅದು ಕಾಣುವುದಿಲ್ಲ. ಸಂಪರ್ಕಭಾಷಾಶಾಸ್ತ್ರಕ್ಕೆ ಪ್ರಸಿದ್ಧ ನಿದರ್ಶನವನ್ನು ಕೊಟ್ಟ ಪ್ರದೇಶದ ಬಗೆಗೆ ನಾವು ತಾಲೂಕಿನ ಬಣ್ಣದಿಂದ ತೃಪ್ತರಾಗುವುದು ವಿಪರ್ಯಾಸ.

ಘಟಕ ಮತ್ತು ಹಕ್ಕು

ಇದು ಶುದ್ಧ ವಿಧಾನಶಾಸ್ತ್ರದ ಚರ್ಚೆಯಾಗಿದ್ದರೆ ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೋಪಾಯಗಳು ಎಣಿಕೆಯ ಘಟಕವನ್ನು ಅವಲಂಬಿಸಿವೆ. 1956ರ ಕೇಂದ್ರ ಸರಕಾರದ ಜ್ಞಾಪನ ಪತ್ರದಂತೆ ಜಿಲ್ಲೆ, ತಾಲೂಕು ಅಥವಾ ನಗರಸಭೆಯಲ್ಲಿ ಶೇ. 15ರಿಂದ 20ರಷ್ಟಿರುವ ಅಲ್ಪಸಂಖ್ಯಾತರ ಭಾಷೆಯಲ್ಲಿ ಮುಖ್ಯ ಸರಕಾರಿ ಪ್ರಕಟಣೆಗಳು ಬರಬೇಕು. ಮಾತೃಭಾಷಾ ಶಿಕ್ಷಣಕ್ಕೆ ಸಂಬಂಧಿಸಿದ ಮಾನದಂಡ ಬೇರೆ: ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಶಿಕ್ಷಕರನ್ನು ಒದಗಿಸಬೇಕೆಂಬುದು 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದಿಂದ ಬಂದ ಸೂತ್ರ. ಸಂವಿಧಾನದ 350ಎ ವಿಧಿ ಆ ಆಶಯಕ್ಕೆ ಸಾಂವಿಧಾನಿಕ ಬಲ ಕೊಟ್ಟಿತು.

ಮತ್ತೆ ಒಂದು ಕಲ್ಪಿತ ಲೆಕ್ಕ. ಒಂದು ಲಕ್ಷ ಜನಸಂಖ್ಯೆಯ ತಾಲೂಕಿನ ಹತ್ತು ಹಳ್ಳಿಗಳಲ್ಲಿ ತಲಾ 1,200 ಜನರಿದ್ದು ಅವರಲ್ಲಿ 1,000 ಜನ ಕನ್ನಡ ಭಾಷಿಕರಾಗಿದ್ದರೆ, ಆ ಹಳ್ಳಿಗಳಲ್ಲಿ ಅವರು ಆರರಲ್ಲಿ ಐದು ಪಾಲು. ಬೇರೆಡೆ ಕನ್ನಡಿಗರಿಲ್ಲದಿದ್ದರೆ ತಾಲೂಕಿನಲ್ಲಿ ಅವರು ಶೇ. 10. ತಾಲೂಕಿನ ನಕ್ಷೆ ಹಿಡಿದವರಿಗೆ ಅವರು ಮಿತಿಗಿಂತ ಕೆಳಗೆ. ಶಾಲೆಯ ಹಾಜರಿ ಪುಸ್ತಕ ಹಿಡಿದವರಿಗೆ ಮಿತಿಗಿಂತ ಬಹಳ ಮೇಲೆ. ಯಾವ ಮೂಲಕ್ಕೆ ಜೋಡಿಸಿದೆವು ಎಂಬುದು ಒಂದು ಮಗುವಿಗೆ ಕನ್ನಡದ ಶಿಕ್ಷಕ ಸಿಗುತ್ತಾನೋ ಇಲ್ಲವೋ ಎಂಬ ವಾದದ ಬುನಾದಿಯಾಗುತ್ತದೆ.

ಗಡಿವಿವಾದದ ಇತಿಹಾಸದಲ್ಲಿಯೂ ಘಟಕವೇ ಪ್ರಶ್ನೆಯಾಗಿತ್ತು. ಗ್ರಾಮವನ್ನು ಘಟಕವಾಗಿ ಇಟ್ಟುಕೊಳ್ಳಬೇಕೆಂದು ಮಹಾರಾಷ್ಟ್ರ ವಾದಿಸಿತು. ಆಂಧ್ರ ಮತ್ತು ಮದ್ರಾಸ್ ನಡುವೆ ಪಾಟಸ್ಕರ್ ಅನುಸರಿಸಿದ ಸೂತ್ರ ಅದಕ್ಕೆ ಆಧಾರವಾಗಿತ್ತು. 1966ರಲ್ಲಿ ನೇಮಕಗೊಂಡು 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗದ ಮುಂದೆಯೂ ಈ ಪ್ರಶ್ನೆ ಬಂದಿತು. ಆ ವಿವಾದದಲ್ಲಿ ಯಾವ ಪಕ್ಷ ಸರಿ ಎಂಬುದು ಇಲ್ಲಿನ ವಿಷಯವಲ್ಲ. ಒಂದು ಕಾಲಕ್ಕೆ ಇಡೀ ವಾದದ ನಾಣ್ಯವಾಗಿದ್ದ ಗ್ರಾಮಮಟ್ಟದ ಭಾಷಾಂಕಿ ಇಂದಿನ ಸಾರ್ವಜನಿಕ ಕೋಷ್ಟಕದಲ್ಲಿಲ್ಲ; ಆದರೂ ಅದು ಇದೆಯೆಂಬ ಭ್ರಮೆಯನ್ನು ನಮ್ಮ ನಕ್ಷೆಗಳು ಉಳಿಸಿಕೊಂಡಿವೆ.

ಆಕ್ಷೇಪಗಳು ಮತ್ತು ಅಪೇಕ್ಷೆಗಳು

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಅಧಿಕಾರಿಗಳು ಕೋಷ್ಟಕ ಓದುವುದಿಲ್ಲ, ಚಿತ್ರ ನೋಡುತ್ತಾರೆ. ಅಪೂರ್ಣವಾದರೂ ನಕ್ಷೆಯಿಂದಲೇ ಕನ್ನಡಿಗರ ಇರವು ಗಮನಕ್ಕೆ ಬರುತ್ತದೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ. ಆದರೆ ಅದೇ ನಕ್ಷೆ ಕನ್ನಡಿಗರ ಇರವನ್ನು ತೆಳುಗೊಳಿಸಿಯೂ ತೋರಿಸುತ್ತದೆ. ನಮ್ಮ ಪುರಾವೆಯೇ ನಮ್ಮ ವಿರುದ್ಧದ ಪುರಾವೆಯಾಗಬಲ್ಲದು. ಹಳ್ಳಿಮಟ್ಟದ ಭಾಷಾಂಕಿಗಳು ಪ್ರಕಟವಾದರೆ ಎರಡು ಮೂರು ಮನೆಗಳ ಸಮುದಾಯಗಳು ಗುರುತಿಗೆ ಸಿಕ್ಕಿಬೀಳುತ್ತವೆ, ವಿವಾದದ ಪ್ರದೇಶದಲ್ಲಿ ಅದು ಕ್ಷೇಮವಲ್ಲ ಎಂಬುದು ಎರಡನೆಯದು. ಇದು ಹೆಚ್ಚು ಗಂಭೀರವಾದ ಆಕ್ಷೇಪ. ಸಣ್ಣ ಸಂಖ್ಯೆಗಳನ್ನು ಮರೆಮಾಡುವ ಪದ್ಧತಿಗಳು ಸಂಖ್ಯಾಶಾಸ್ತ್ರದಲ್ಲಿವೆ. ನಮ್ಮ ಕ್ಷೇತ್ರಸಮೀಕ್ಷೆಗಳೂ ಅವನ್ನು ಪಾಲಿಸಬೇಕು. ಆದರೆ ತಿಳಿಯದಿರುವುದನ್ನು ತಿಳಿದಂತೆ ತೋರಿಸುವುದು ಯಾರ ಕ್ಷೇಮವನ್ನೂ ಕಾಯುವುದಿಲ್ಲ.

ಸಂಶೋಧನ ನಿಯತಕಾಲಿಕೆಗಳು ಭಾಷಾನಕ್ಷೆಯನ್ನು ಸ್ವೀಕರಿಸುವಾಗ ನಾಲ್ಕು ಸಂಗತಿಗಳನ್ನು ಕೇಳುವುದು ಯುಕ್ತ. ನಕ್ಷೆಯ ಕೆಳಗೆ ನವೀಕರಣದ ದಿನಾಂಕದ ಬದಲು ಎಣಿಕೆಯ ವರ್ಷವಿರಬೇಕು. ಎರಡು ಕಡತಗಳು ಯಾವ ಘಟಕದಲ್ಲಿ ಕೂಡಿದವು ಎಂಬುದನ್ನು ಹೇಳಬೇಕು. ಅದಕ್ಕಿಂತ ಕೆಳಗಿನ ಗೆರೆಗಳನ್ನು ಎಳೆಯಬಾರದು. ಸೊನ್ನೆಗೂ ಅಂಕಿಯಿಲ್ಲದಿರುವುದಕ್ಕೂ ಬೇರೆ ಬೇರೆ ಗುರುತುಗಳಿರಬೇಕು. ಹೆಸರುಗಳನ್ನೂ ಸಂಕೇತಾಂಕಗಳನ್ನೂ ಹೊಂದಿಸಲು ಮಾಡಿಕೊಂಡ ಸೇತುಕೋಷ್ಟಕವನ್ನು, ಕೂಡದೆ ಉಳಿದ ಸಾಲುಗಳ ಸಮೇತ, ಲೇಖನದೊಡನೆ ಒದಗಿಸಬೇಕು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಬೆಳೆದ ವಿದ್ವತ್ಪರಂಪರೆಗೆ ಈ ಕೊನೆಯ ಬೇಡಿಕೆ ಅಪರಿಚಿತವಾಗಬಾರದು. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡದ ಆವೃತ್ತಿಯನ್ನು ನಾವು ಶಾಸ್ತ್ರೀಯವೆಂದು ಒಪ್ಪುವುದಿಲ್ಲ.

2027ರ ಮಾರ್ಚ್ 1ನ್ನು ಉಲ್ಲೇಖ ದಿನಾಂಕವಾಗಿಟ್ಟುಕೊಂಡ ಜನಗಣತಿ ಡಿಜಿಟಲ್ ಸಾಧನಗಳ ಮೂಲಕ ನಡೆಯಲೆಂದು ಯೋಜಿತವಾಗಿದೆ. ಅದರ ಭಾಷಾಕೋಷ್ಟಕಗಳು ಬರುವವರೆಗೆ ನಮ್ಮ ಕೆಲಸ ನಿಲ್ಲಬೇಕಾಗಿಲ್ಲ. ಶಾಲೆಗಳ ಮಾಧ್ಯಮವಾರು ಪಟ್ಟಿ, ಊರೂರಿನ ಕ್ಷೇತ್ರಕಾರ್ಯ ಇವುಗಳಿಂದ ಗಡಹಿಂಗ್ಲಜದ ಪೂರ್ವಭಾಗದ ಚಿತ್ರವನ್ನು ಊರಿನ ಅಳತೆಯಲ್ಲಿ ಕಟ್ಟಬಹುದು. ಅಲ್ಲಿಯವರೆಗೆ ನಕ್ಷೆಯಲ್ಲಿ ಹಲಕರ್ಣಿಯನ್ನು ಬಣ್ಣ ತುಂಬದೆ ಬಿಡುವುದೇ ಸರಿಯಾದ ಪಾಠ. ತ್ರುಟಿತ ಶಾಸನದಲ್ಲಿ ಓದಲಾಗದ ಅಕ್ಷರಗಳ ಜಾಗದಲ್ಲಿ ನಾವು ಚುಕ್ಕಿಗಳನ್ನಿಡುತ್ತೇವೆ. ಆ ಚುಕ್ಕಿಗಳನ್ನು ಕಂಡೇ ಮುಂದಿನ ವಿದ್ವಾಂಸ ಮತ್ತೆ ಕಲ್ಲಿನ ಬಳಿಗೆ ಹೋಗುತ್ತಾನೆ.